ವಿಭಜನೆಗಳ ಕೋಷ್ಟಕ: ಮೂರನೆಯ ವಾರದ ಟಿಪ್ಪಣಿ

ಒಂದು ಸಂಖ್ಯೆಯನ್ನು ಧನಪೂರ್ಣಾಂಕಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅದು ಆ ಸಂಖ್ಯೆಯ ವಿಭಜನೆಗಳ ಎಣಿಕೆ. 4ಕ್ಕೆ 4, 3+1, 2+2, 2+1+1, 1+1+1+1 ಎಂಬ ಐದು ಬಗೆಗಳಿರುವುದರಿಂದ ಪಿ(4)=5. ಗಣಿತಜ್ಞ ಮೇಜರ್ ಮ್ಯಾಕ್‌ಮಹಾನ್ 200ರವರೆಗೆ ಕೈಲೆಕ್ಕದಲ್ಲೇ ಸಿದ್ಧಪಡಿಸಿದ ಕೋಷ್ಟಕವನ್ನು ನೋಡುತ್ತಲೇ ಶ್ರೀನಿವಾಸ ರಾಮಾನುಜನ್ ಅದರೊಳಗೆ ಅಡಗಿದ್ದ ಕ್ರಮವನ್ನು ಕಂಡುಕೊಂಡರೆಂದು ಓದಿದ ಮೇಲೆ, ಅದೇ ಕೋಷ್ಟಕವನ್ನು ನಾನೂ ಕೈಯಾರೆ ಕಟ್ಟಿ ನೋಡಬೇಕೆಂದು ಹೊರಟೆ. ಈ ವಾರ 50ನ್ನು ಮುಟ್ಟಿದ್ದೇನೆ.

ಬಳಸುತ್ತಿರುವುದು ಗಣಿತಜ್ಞ ಆಯ್ಲರ್‌ನ ಸೂತ್ರ. 1, 2, 5, 7, 12, 15 ಹೀಗೆ ಸ್ಥಾನಗಳಷ್ಟು ಹಿಂದಕ್ಕೆ ಹೋಗಿ, ಅಲ್ಲಿರುವ ಬೆಲೆಗಳಲ್ಲಿ ಮೊದಲ ಎರಡನ್ನು ಕೂಡಿ, ಮುಂದಿನ ಎರಡನ್ನು ಕಳೆದು, ಮತ್ತೆರಡನ್ನು ಕೂಡುತ್ತ ಸಾಗಬೇಕು. ಇಷ್ಟು ಸುಲಭವಾದದ್ದರಲ್ಲೂ ಎಡವಿದೆ. 14ರ ಎದುರು 133 ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಆದರೆ ರಾಮಾನುಜನ್ ಕಂಡ ಕ್ರಮದಂತೆ 4, 9, 14, 19 ಮುಂತಾದ ಸ್ಥಾನಗಳ ಬೆಲೆಗಳೆಲ್ಲ 5ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಿಂದಕ್ಕೆ ಹುಡುಕುತ್ತ ಹೋದರೆ, 12ನೇ ಸಾಲಿನಲ್ಲಿ 56+42−15−7 ಎಂದು ಬರೆದು, ಕೊನೆಗೆ ಸೇರಬೇಕಿದ್ದ ಪಿ(0), ಅಂದರೆ 1ನ್ನು ಬಿಟ್ಟಿದ್ದೆ. 77ರ ಬದಲು 76 ಬಂದಿತ್ತು. ತಿದ್ದಿದ ಮೇಲೆ ಪಿ(14) 135 ಆಯಿತು. ಪಿ(24)=1575, ಪಿ(49)=173525; ಇವೆರಡೂ 25ರಿಂದಲೇ ಭಾಗವಾಗುತ್ತವೆ.

5ಕ್ಕಿರುವಂತೆ 7ಕ್ಕೂ ಒಂದು ನಿಯಮವಿದೆ: 5, 12, 19 ಮುಂತಾದ ಸ್ಥಾನಗಳ ಬೆಲೆಗಳು 7ರಿಂದ ಭಾಗವಾಗುತ್ತವೆ. ಈ ಎರಡು ನಿಯಮಗಳಿಗೆ ರಾಮಾನುಜನ್ 1919ರಲ್ಲಿ ರುಜುವಾತನ್ನೂ ಕೊಟ್ಟರು. ಅವುಗಳ ಉನ್ನತ ಘಾತಗಳಿಗೆ (343, ಅಂದರೆ 7×7×7ರಂಥವಕ್ಕೆ) ಹೇಳಿದ್ದು ಮಾತ್ರ ಊಹೆ. ಆ ಊಹೆಯ ಪ್ರಕಾರ ಪಿ(243) 343ರಿಂದ ಭಾಗವಾಗಬೇಕಿತ್ತು. ಹನ್ಸರಾಜ್ ಗುಪ್ತಾ ಅವರು 300ರವರೆಗೆ ವಿಸ್ತರಿಸಿದ ಕೋಷ್ಟಕವನ್ನು ನೋಡಿ, ಹಾಗಾಗುವುದಿಲ್ಲವೆಂದು ಎಸ್. ಚೌಲಾ 1934ರಲ್ಲಿ ತೋರಿಸಿದರು. ಇದನ್ನು ಕೈಯಿಂದ ಮಾಡುವ ತಾಳ್ಮೆ ನನಗಿಲ್ಲದೆ ಕಂಪ್ಯೂಟರ್ ಭಾಷೆಯಾದ ಪೈಥಾನ್‌ಗೆ ಒಪ್ಪಿಸಿದೆ: 133978259344888. 7ರಿಂದ ಎರಡು ಬಾರಿ ಸರಿಯಾಗಿ ಭಾಗವಾಗಿ, ಮೂರನೆಯ ಬಾರಿ 5 ಶೇಷ ಉಳಿಯಿತು. ಕೋಷ್ಟಕದಿಂದ ಹುಟ್ಟಿದ ಊಹೆಯನ್ನು ಇನ್ನಷ್ಟು ಉದ್ದದ ಕೋಷ್ಟಕವೇ ಮುರಿಯಿತೆನ್ನುವುದು ನನಗೆ ಮೂಲ ಶೋಧದಷ್ಟೇ ರುಚಿಸಿತು.

ವಾರದ ಕೊನೆಗೆ, ವಿಭಜನೆಗಳನ್ನು ಸಮನಾದ ಗುಂಪುಗಳಾಗಿ ವಿಂಗಡಿಸಿ ಅವುಗಳ ಎಣಿಕೆ 5ರಿಂದ ಭಾಗವಾಗುವುದೇಕೆಂದು ತೋರಿಸಲು ಫ್ರೀಮನ್ ಡೈಸನ್ 1944ರಲ್ಲಿ ಸೂಚಿಸಿದ ‘ರ‍್ಯಾಂಕ್’ ಅನ್ನು ಪರೀಕ್ಷಿಸಿದೆ. ವಿಭಜನೆಯ ಅತಿ ದೊಡ್ಡ ಭಾಗದಿಂದ ಭಾಗಗಳ ಸಂಖ್ಯೆಯನ್ನು ಕಳೆದರೆ ಅದು ಸಿಗುತ್ತದೆ. 4ರ ಐದು ವಿಭಜನೆಗಳಿಗೆ 3, 1, 0, −1, −3 ಬಂದವು. 5ರಿಂದ ಭಾಗಿಸಿದಾಗಿನ ಶೇಷಗಳು ಐದೂ ಬೇರೆಬೇರೆ. 9ರ ಮೂವತ್ತನ್ನು ಚೀಟಿಗಳಲ್ಲಿ ಬರೆದು ವಿಂಗಡಿಸಿದಾಗಲೂ ಗುಂಪಿಗೆ ಆರರಂತೆ ಸಮನಾಗಿ ಕೂತವು. 6, 17, 28 ಮುಂತಾದ ಸ್ಥಾನಗಳ ಬೆಲೆಗಳು 11ರಿಂದ ಭಾಗವಾಗುತ್ತವೆಂಬ ನಿಯಮವೂ ರಾಮಾನುಜನ್ ಅವರದೇ; ಆದರೆ 6ರ ಹನ್ನೊಂದರಲ್ಲಿ 4+1+1 ಮತ್ತು 3+3 ಎರಡಕ್ಕೂ ರ‍್ಯಾಂಕ್ 1 ಬಂದು ಲೆಕ್ಕ ಕೆಟ್ಟಿತು. ಡೈಸನ್‌ಗೂ ಇದು ಗೊತ್ತಿತ್ತು. 11ಕ್ಕೆ ಒಗ್ಗುವ ಇನ್ನೊಂದು ಅಳತೆ ಇರಲೇಬೇಕೆಂದು ಅದಕ್ಕೆ ‘ಕ್ರ್ಯಾಂಕ್’ ಎಂದು ಮುಂಚಿತವಾಗಿಯೇ ಹೆಸರಿಟ್ಟಿದ್ದರು. ಆಂಡ್ರ್ಯೂಸ್ ಮತ್ತು ಗಾರ್ವನ್ ಅದರ ವ್ಯಾಖ್ಯೆಯನ್ನು ಪ್ರಕಟಿಸಿದ್ದು 1988ರಲ್ಲಿ. ಮುಂದಿನ ವಾರ ಅದೇ ಹನ್ನೊಂದು ಚೀಟಿಗಳನ್ನು ಆ ವ್ಯಾಖ್ಯೆಯಂತೆ ಮತ್ತೆ ಜೋಡಿಸಬೇಕಾಗಿದೆ.