ಡಬ್ಲಿನ್ ಫ್ಯೂಸಿಲಿಯರ್ಸ್ ಯೋಧರನ್ನು ಹುಡುಕಿಕೊಂಡು ಗ್ಯಾಲಿಪೊಲಿಗೆ

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳು ತುರ್ಕರ ಜೊತೆ ಕಾದಾಡಿದ ಟರ್ಕಿಯ ಗ್ಯಾಲಿಪೊಲಿ ಪರ್ಯಾಯದ್ವೀಪಕ್ಕೆ ಹೊರಟವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ನಿಮ್ಮವರು ಯಾವ ಬೆಟಾಲಿಯನ್‌ನಲ್ಲಿದ್ದರು? ರೆಜಿಮೆಂಟಿನ ಹೆಸರಷ್ಟೇ ಗೊತ್ತಿದ್ದರೆ ಸಾಲದು. ಬ್ರಿಟಿಷ್ ಸೇನೆಯ ಐರಿಷ್ ರೆಜಿಮೆಂಟಾದ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ 1ನೇ ಬೆಟಾಲಿಯನ್ 1915ರ ಏಪ್ರಿಲ್ 25ರಂದು ದಕ್ಷಿಣದ ತುದಿಯಲ್ಲಿ, ಹೆಲ್ಲೆಸ್‌ನಲ್ಲಿ ಇಳಿಯಿತು. 6 ಮತ್ತು 7ನೇ ಬೆಟಾಲಿಯನ್‌ಗಳು ಆಗಸ್ಟ್‌ನಲ್ಲಿ ಉತ್ತರದ ಸುವ್ಲಾ ಕೊಲ್ಲಿಗೆ ಬಂದವು. 2ನೇ ಬೆಟಾಲಿಯನ್ ಗ್ಯಾಲಿಪೊಲಿಗೆ ಬರಲೇ ಇಲ್ಲ, ಅದು ಫ್ರಾನ್ಸ್, ಬೆಲ್ಜಿಯಂ ಕಡೆ ಹೋರಾಡುತ್ತಿತ್ತು. ಇದು ಗೊತ್ತಿಲ್ಲದೆ ಟಿಕೆಟ್ ಮಾಡಿಸಬೇಡಿ.

ನಾನು ಚಿಕ್ಕಬಳ್ಳಾಪುರದವಳು, ಮದುವೆಯಾಗಿ ಡಬ್ಲಿನ್ ಸೇರಿದೆ. ನಮ್ಮತ್ತೆಯ ಅಜ್ಜನ ಅಣ್ಣ 1ನೇ ಬೆಟಾಲಿಯನ್‌ನಲ್ಲಿದ್ದರು, ಇಳಿದ ದಿನವೇ ತೀರಿಕೊಂಡರು. ಮನೆಯಲ್ಲಿ ಯಾರೂ ಅವರ ಸುದ್ದಿ ಎತ್ತುತ್ತಿರಲಿಲ್ಲವಂತೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರ ದಂಗೆ, ಅದರ ಬೆನ್ನಿಗೇ ಸ್ವಾತಂತ್ರ್ಯದ ಹೋರಾಟ. ಬ್ರಿಟಿಷ್ ಸಮವಸ್ತ್ರ ಹಾಕಿದವರ ವಿಷಯ ಐರ್ಲೆಂಡಿನ ಎಷ್ಟೋ ಮನೆಗಳಲ್ಲಿ ಹಾಗೇ ಮುಚ್ಚಿಹೋಯಿತು. 1922ರಲ್ಲಿ ರೆಜಿಮೆಂಟನ್ನೇ ವಿಸರ್ಜಿಸಿದರು. ಅತ್ತೆಗೆ ವಯಸ್ಸಾಗುತ್ತಿತ್ತು, ಒಮ್ಮೆ ಆ ಜಾಗ ನೋಡಿ ಬರಬೇಕು ಅಂತ ಆಸೆ.

ಈ ರೆಜಿಮೆಂಟಿಗೂ ನಮ್ಮ ಕಡೆಗೂ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದ ಮದ್ರಾಸ್ ಫ್ಯೂಸಿಲಿಯರ್ಸ್ ಮತ್ತು ಬಾಂಬೆ ಫ್ಯೂಸಿಲಿಯರ್ಸ್ ಅನ್ನು 1881ರಲ್ಲಿ ಸೇರಿಸಿ ಇದನ್ನು ಕಟ್ಟಿದರು. ಟೋಪಿಯ ಬಿಲ್ಲೆಯ ಮೇಲೆ ಹುಲಿ ಮತ್ತು ಆನೆ. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ನಂದಿದುರ್ಗದ ಹೆಸರಿದೆ, 1791ರಲ್ಲಿ ಟಿಪ್ಪುವಿನ ಕೈಯಿಂದ ಆ ಕೋಟೆ ಹಿಡಿದದ್ದಕ್ಕೆ. ನಾನು ಚಿಕ್ಕಂದಿನಿಂದ ದಿನಾ ನೋಡಿದ ಬೆಟ್ಟ ಅದು. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗಲೂ 1ನೇ ಬೆಟಾಲಿಯನ್ ಮದ್ರಾಸಿನಲ್ಲೇ ಇತ್ತು. ಅತ್ತೆಗೆ ಇದನ್ನೆಲ್ಲ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಸುಮ್ನೆ ಕೂತರು.

ಈಗ ಕಾಗದಪತ್ರದ ವಿಷಯ. ಇದಕ್ಕೆ ಪ್ರಯಾಣಕ್ಕಿಂತ ಜಾಸ್ತಿ ಸಮಯ ಕೊಡಿ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸೈನಿಕ ಸಂಖ್ಯೆ, ಬೆಟಾಲಿಯನ್, ತೀರಿಕೊಂಡ ದಿನ, ಸಮಾಧಿ ಅಥವಾ ಸ್ಮಾರಕದ ಫಲಕದ ಸಂಖ್ಯೆ ಸಿಗುತ್ತದೆ. ಒಂದೇ ಹೆಸರಿನವರು ಹಲವರಿರುತ್ತಾರೆ, ಸೈನಿಕ ಸಂಖ್ಯೆಯನ್ನೇ ನಂಬಿ. ಸೇವಾ ದಾಖಲೆಗಳಲ್ಲಿ ಹೆಚ್ಚಿನವು 1940ರ ಲಂಡನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ, ಯಾರಿಗೆ ಯಾವ ಪದಕ ಅಂತ ಬರೆದಿಟ್ಟ ಕಾರ್ಡುಗಳು ಉಳಿದಿವೆ. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ 1901 ಮತ್ತು 1911ರ ಜನಗಣತಿ ಹಾಳೆಗಳನ್ನೂ ಸೈನಿಕರ ಉಯಿಲುಗಳನ್ನೂ ಆನ್‌ಲೈನ್‌ನಲ್ಲಿ ಇಟ್ಟಿದೆ, ದುಡ್ಡು ಕೊಡಬೇಕಿಲ್ಲ. ನಮಗೆ ಸಿಕ್ಕ ಉಯಿಲು ಚಿಕ್ಕದು. ನನ್ನದೆಲ್ಲ ಅಮ್ಮನಿಗೆ ಅಂತ ಬರೆದು, ಕೆಳಗೆ ಸಹಿ. ಅಕ್ಷರ ಸ್ವಲ್ಪ ವಾಲಿತ್ತು. ಆ ಮನುಷ್ಯನ ಕೈಬರಹ ಮನೆಯವರು ಕಂಡದ್ದು ಅದೇ ಮೊದಲು.

ಡಬ್ಲಿನ್‌ನಲ್ಲಿರುವವರು ಪಿಯರ್ಸ್ ಸ್ಟ್ರೀಟಿನ ಸಿಟಿ ಲೈಬ್ರರಿಗೂ ಹೋಗಿ ಬನ್ನಿ, ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಅಸೋಸಿಯೇಷನ್ ಕೂಡಿಸಿದ ಪತ್ರ, ಫೋಟೋಗಳೆಲ್ಲ ಅಲ್ಲಿವೆ. ಐಲಂಡ್‌ಬ್ರಿಜ್‌ನ ಯುದ್ಧ ಸ್ಮಾರಕ ಉದ್ಯಾನವೂ ಊರಲ್ಲೇ ಇದೆ. ದೆಹಲಿಯ ಇಂಡಿಯಾ ಗೇಟ್ ಕಟ್ಟಿದ ಲಟ್ಯೆನ್ಸ್ ಅವರೇ ಇದನ್ನೂ ರೂಪಿಸಿದ್ದು. ಮೊದಲ ಮಹಾಯುದ್ಧದಲ್ಲಿ ಮಡಿದ 49,000ಕ್ಕೂ ಹೆಚ್ಚು ಜನರ ಹೆಸರಿರುವ ಸಂಪುಟಗಳು ಅಲ್ಲಿನ ಕೋಣೆಗಳಲ್ಲಿವೆ. ಮೊದಲೇ ಹೇಳಿ ಇಟ್ಟರೆ ಬಾಗಿಲು ತೆಗೆಸಿ ತೋರಿಸುತ್ತಾರೆ.

ಇಸ್ತಾಂಬುಲ್‌ನಿಂದ ಗ್ಯಾಲಿಪೊಲಿಯ ಎದುರು ದಡದ ಚನಕ್ಕಲೆ ಪಟ್ಟಣಕ್ಕೆ ಬಸ್ಸಿದೆ, ಅರ್ಧ ದಿನ ಅದಕ್ಕೇ ಇಟ್ಟುಕೊಳ್ಳಿ. 2022ರಲ್ಲಿ ನಡುವಿನ ಡಾರ್ಡನೆಲ್ಸ್ ಜಲಸಂಧಿಗೆ ದೊಡ್ಡ ಸೇತುವೆ ಬಂದಿದೆ, ಆದರೆ ಚನಕ್ಕಲೆಯಿಂದ ಫೆರಿಯಲ್ಲಿ ದಾಟುವುದೇ ಸುಲಭ. ಇಲ್ಲೊಂದು ಎಚ್ಚರಿಕೆ: ಪ್ಯಾಕೇಜ್ ಟೂರ್‌ಗಳಲ್ಲಿ ಬಹುಪಾಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಹೋರಾಡಿದ ಆನ್ಜಾಕ್ ಭಾಗವನ್ನಷ್ಟೇ ಸುತ್ತಿಸುತ್ತವೆ. ಐರಿಷ್ ಸೈನಿಕರ ಜಾಗ ಅವುಗಳ ದಾರಿಯಲ್ಲಿಲ್ಲ. 1ನೇ ಬೆಟಾಲಿಯನ್ ಇಳಿದ ತೀರದ ಪಕ್ಕದ ಸೆದ್ದುಲ್‌ಬಹಿರ್ ಹಳ್ಳಿಗೆ ಅಂತ ಹೇಳಿ ಕಾರು ಮಾಡಿಕೊಳ್ಳಿ, ಇಡೀ ದಿನಕ್ಕೆ ಮಾತಾಡಿ. ಏಪ್ರಿಲ್ 24, 25ರಂದು ಸಮಾರಂಭಗಳಿಗೆ ರಸ್ತೆ ಬಂದ್ ಮಾಡುತ್ತಾರೆ, ಜನವೂ ವಿಪರೀತ. ಮನೆಯವರಷ್ಟೇ ನೆಮ್ಮದಿಯಾಗಿ ಕೂರಬೇಕಾದರೆ ಮೇ ತಿಂಗಳು ಒಳ್ಳೆಯದು. ಬೆಚ್ಚನೆಯ ಜಾಕೆಟ್ ಇರಲಿ, ಗಾಳಿ ಜೋರು.

ವಿ ಬೀಚ್ ಅನ್ನುವ ಆ ತೀರ ನಾವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಬಲಕ್ಕೂ ಎಡಕ್ಕೂ ಕೋಟೆ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡ್ಡ. ಮೇಲೆ ಕೂತು ಗುಂಡು ಹಾರಿಸಿದವರಿಗೆ ಕೆಳಗಿನ ಒಂದೊಂದು ದೋಣಿಯೂ ಕಾಣುತ್ತಿತ್ತು. ಡಬ್ಲಿನ್ ಫ್ಯೂಸಿಲಿಯರ್ಸ್‌ನ ಹೆಚ್ಚಿನವರು ಬಂದದ್ದು ತೆರೆದ ದೋಣಿಗಳಲ್ಲಿ. ಉಳಿದವರು ಇನ್ನೊಂದು ಐರಿಷ್ ರೆಜಿಮೆಂಟಾದ ಮನ್‌ಸ್ಟರ್ ಫ್ಯೂಸಿಲಿಯರ್ಸ್ ಜೊತೆ ರಿವರ್ ಕ್ಲೈಡ್ ಅನ್ನುವ ಕಲ್ಲಿದ್ದಲಿನ ಹಡಗಿನಲ್ಲಿದ್ದರು. ಎಷ್ಟೋ ಮಂದಿ ದೋಣಿಯಿಂದ ಏಳುವ ಮೊದಲೇ ಸತ್ತರು, ಗಾಯಗೊಂಡವರು ಬೆನ್ನಿನ ಹೊರೆಯ ಭಾರಕ್ಕೆ ನೀರಲ್ಲೇ ಮುಳುಗಿದರು. ದಡ ಮುಟ್ಟಿದವರಿಗೆ ಸಿಕ್ಕ ಮರೆ ಅಂದರೆ ಮರಳಿನ ಒಂದು ಗಿಡ್ಡ ಏರಿ. ನಾವು ನಿಂತ ದಿನ ಅಲೆಯೇ ಇರಲಿಲ್ಲ, ನೀರು ಅಷ್ಟು ತಿಳಿ, ಅಡಿಯ ಕಲ್ಲು ಎಣಿಸಬಹುದಿತ್ತು.

ಸ್ಮಶಾನ ನೀರಿನ ಪಕ್ಕದಲ್ಲೇ ಇದೆ. ಫ್ರಾನ್ಸ್‌ನಲ್ಲಿರುವ ಹಾಗೆ ಸಾಲು ಸಾಲು ಬಿಳಿ ಕಲ್ಲು ಹುಡುಕಬೇಡಿ. ಇಲ್ಲಿ ನೆಲಕ್ಕೆ ಒರಗಿದಂತಿರುವ ಗಿಡ್ಡ ಕಲ್ಲುಗಳು, ಮಿಕ್ಕದ್ದೆಲ್ಲ ಬರೀ ಹುಲ್ಲು. ಸುಮಾರು 700 ಜನರಲ್ಲಿ 480 ಮಂದಿಯ ಗುರುತು ಸಿಕ್ಕಿಲ್ಲ. ಗುರುತು ಸಿಗದವರಿಗೆ ಬೇರೆ ಬೇರೆ ಕಲ್ಲಿಲ್ಲ. ಖಾಲಿ ಕಾಣುವ ಹುಲ್ಲಿನ ಕೆಳಗೂ ಜನ ಇದ್ದಾರೆ, ನೋಡಿಕೊಂಡು ನಡೆಯಿರಿ. ಕೆಲವು ಕಲ್ಲುಗಳ ಮೇಲೆ, ಇವರು ಇಲ್ಲೇ ಇದ್ದಾರೆಂದು ನಂಬಲಾಗಿದೆ ಅಂತ ಕೆತ್ತಿದ್ದಾರೆ. ನಮ್ಮವರದ್ದು ಅಂಥದ್ದೇ ಕಲ್ಲು. ಅತ್ತೆ ಮಂಡಿಯೂರಿ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು. ಸಂದುಗಳಲ್ಲಿ ಕೂತಿದ್ದ ಒಣ ಮಣ್ಣನ್ನು ಕರವಸ್ತ್ರದಿಂದ ಒರೆಸಿದರು. ಆಮೇಲೆ ಮನೆಯ ಸುದ್ದಿಯೆಲ್ಲ ಹೇಳತೊಡಗಿದರು: ಯಾರಿಗೆ ಎಷ್ಟು ಮಕ್ಕಳು, ಯಾರು ಯಾವ ಊರಲ್ಲಿ ಅಂತ. ಡ್ರೈವರ್‌ಗೆ ಮೊದಲೇ ಹೇಳಿಟ್ಟಿದ್ದರಿಂದ ಯಾರೂ ಅವಸರ ಮಾಡಲಿಲ್ಲ. ನೀವೂ ಹೇಳಿಡಿ.

ಗುಡ್ಡದ ಮೇಲೆ ತುರ್ಕಿಯ ಸಾರ್ಜೆಂಟ್ ಯಾಹ್ಯಾ ಮತ್ತು ಅವರ ಜೊತೆಗಾರರ ಸ್ಮಾರಕವಿದೆ, ಅಲ್ಲಿಗೂ ಹತ್ತಿ ಹೋಗಿ. ತಮ್ಮ ನೆಲ ಕಾಯುತ್ತಾ ಸತ್ತವರು ಅವರು, ಅಲ್ವಾ? ಸೆದ್ದುಲ್‌ಬಹಿರ್ ಕೋಟೆ ಈಗ ದುರಸ್ತಿಯಾಗಿ ಮ್ಯೂಸಿಯಂ ಆಗಿದೆ.

ಸಮಾಧಿ ಸಿಗದವರ ಹೆಸರು ಸ್ವಲ್ಪ ದೂರದ ಹೆಲ್ಲೆಸ್ ಸ್ಮಾರಕದಲ್ಲಿರುತ್ತದೆ. ಅಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ, ರೆಜಿಮೆಂಟ್ ಪ್ರಕಾರ ಜೋಡಿಸಿದ್ದಾರೆ. ಫಲಕದ ಸಂಖ್ಯೆ ಬರೆದುಕೊಂಡು ಹೋಗದಿದ್ದರೆ ಬಿಸಿಲಲ್ಲಿ ಕತ್ತು ನೋಯುತ್ತದೆ. ಭಾರತೀಯ ಸೈನಿಕರ ಹೆಸರುಗಳೂ ಅಲ್ಲೇ ಇವೆ. ಅವರನ್ನು ನೋಡಲು ಮನೆಯವರು ಬರುವುದು ಕಷ್ಟ, ನೀವೇ ಎರಡು ನಿಮಿಷ ನಿಂತು ಬನ್ನಿ.

ಸುವ್ಲಾದಲ್ಲಿ ಮಡಿದವರನ್ನು ನೋಡಬೇಕಾದವರು ಇನ್ನೊಂದು ದಿನ ಇಟ್ಟುಕೊಳ್ಳಿ, ಗ್ರೀನ್ ಹಿಲ್ ಸ್ಮಶಾನ ಹೆಲ್ಲೆಸ್‌ನಿಂದ ದೂರ. ಸಸ್ಯಾಹಾರಿಗಳಿಗೆ ಬೇಳೆ ಸೂಪು, ಪಾಲಕ್ ಇಟ್ಟ ರೊಟ್ಟಿ, ಆಲಿವ್, ಮೊಸರು ಎಲ್ಲ ಕಡೆ ಸಿಗುತ್ತದೆ, ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಸ್ಮಶಾನಗಳ ಬಳಿ ಅಂಗಡಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ನೀರು ಜೊತೆಗಿರಲಿ. ಭಾರತದ ಪಾಸ್‌ಪೋರ್ಟಿನವರಿಗೆ ಐರ್ಲೆಂಡ್, ಬ್ರಿಟನ್, ಷೆಂಗೆನ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಇಲ್ಲವೇ ವಾಸದ ಪರವಾನಗಿ ಇದ್ದರೆ ಟರ್ಕಿಯ ಇ-ವೀಸಾ ಸಿಗುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮೊದಲು ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.