ಅಪ್ಪನ ಕ್ಯಾಸೆಟ್‌ಗಳಿಗಾಗಿ ಮನೆಯಲ್ಲೊಂದು ಸರ್ವರ್: ಮೂರನೆಯ ವಾರ

ತಾಳಮದ್ದಳೆ ಎಲ್ಲೇ ನಡೆಯಲಿ, ಅಪ್ಪ ಟೇಪ್ ರೆಕಾರ್ಡರ್ ಹೊತ್ತು ಹೋಗುತ್ತಿದ್ದರು. ಹಾಗೆ ಕೂಡಿದ ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳು ಸಾಗರದ ನಮ್ಮ ಮನೆಯಲ್ಲಿವೆ. ಮಲೆನಾಡಿನ ಥಂಡಿಗೆ ಕೆಲವು ಆಗಲೇ ಬೂಷ್ಟು ಹಿಡಿದಿವೆ. 90 ನಿಮಿಷದ ಕ್ಯಾಸೆಟ್ಟನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕುಗ್ಗಿಸದೆ ಉಳಿಸಿದರೆ 3.1 ಜಿಬಿ ಬೇಕು. ಜೊತೆಗೆ ಮನೆಮಂದಿಯ ಫೋಟೊ, ವಿಡಿಯೊಗಳೂ ಇವೆ. ಅದಕ್ಕಾಗಿಯೇ ಈ ಸರ್ವರ್.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಕಚೇರಿ ಕಂಪ್ಯೂಟರಿಗೆ 32 ಜಿಬಿ ರ್‍ಯಾಮ್ ಮತ್ತು 4 ಟಿಬಿಯ ಮೂರು ಹೊಸ ಹಾರ್ಡ್ ಡಿಸ್ಕ್ ಹಾಕಿದ್ದೇನೆ. ಡಿಸ್ಕ್ ಕೊಳ್ಳುವಾಗ ಒಂದು ವಿಷಯದಲ್ಲಿ ಹಟ ಹಿಡಿದೆ: ಎಸ್‌ಎಂಆರ್ ಬೇಡ, ದತ್ತಾಂಶ ಬರೆಯುವ ಗೆರೆಗಳು (ಟ್ರ್ಯಾಕ್) ಒಂದರ ಮೇಲೊಂದು ಬಾರದ ಸಿಎಂಆರ್ ಮಾದರಿಯೇ ಬೇಕು. ಎಸ್‌ಎಂಆರ್‌ನಲ್ಲಿ ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಟ್ರ್ಯಾಕ್ ಬರುತ್ತದೆ. ಕೆಟ್ಟ ಡಿಸ್ಕ್ ಬದಲಿಸಿ ದತ್ತಾಂಶವನ್ನು ಮರಳಿ ತುಂಬಿಸುವಾಗ ಅದು ತೀರಾ ನಿಧಾನವಾಗುತ್ತದೆ.

ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ (ತಂತ್ರಾಂಶದಲ್ಲೇ ರೂಪಿಸಿದ) ಯಂತ್ರಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್‌ನ ಅನುಸ್ಥಾಪನೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮೂರು ಡಿಸ್ಕ್‌ಗಳನ್ನು ಡಿಸ್ಕ್‌ಗಳಲ್ಲಿ ಕಡತ ಉಳಿಸಿ ನೋಡಿಕೊಳ್ಳುವ ಝಡ್‌ಎಫ್‌ಎಸ್ ವ್ಯವಸ್ಥೆಯ ರೇಯ್ಡ್-ಝಡ್1 ಎಂಬ ಗುಂಪಾಗಿ ಜೋಡಿಸಿದೆ. ಒಂದು ಡಿಸ್ಕ್ ಸತ್ತರೂ ದತ್ತಾಂಶ ಉಳಿಯುತ್ತದೆ, ಎರಡು ಡಿಸ್ಕ್‌ನಷ್ಟು ಜಾಗ ಸಿಗುತ್ತದೆ. ಸದ್ಯ ಎರಡು ವರ್ಚುವಲ್ ಯಂತ್ರಗಳಿವೆ. ಡೆಬಿಯನ್ ಲಿನಕ್ಸ್ ಇರುವುದು ಕಡತ ಹಂಚಲು. ವಿಂಡೋಸ್ ಇರುವುದು ಅಪ್ಪ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟ ಪ್ರಸಂಗದ ಟಿಪ್ಪಣಿಗಳನ್ನು ತೆರೆದು ಯೂನಿಕೋಡ್‌ಗೆ ತರಲು. ಈ ಎರಡಕ್ಕೂ ಸಾಕಷ್ಟು ರ್‍ಯಾಮ್ ಉಳಿಯಲೆಂದು ಝಡ್‌ಎಫ್‌ಎಸ್‌ನ ಕ್ಯಾಶ್ (ಓದಿದ್ದನ್ನು ಬೇಗ ಸಿಗಲೆಂದು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) 4 ಜಿಬಿ ಮೀರದಂತೆ ಮಿತಿ ಹಾಕಿದ್ದೇನೆ.

ಈ ವಾರವೆಲ್ಲ ಒಂದೇ ತೊಡಕಿನಲ್ಲಿ ಕಳೆಯಿತು. ಭಾನುವಾರ ಸ್ಕ್ರಬ್ ಓಡಿಸಿದೆ, ಅಂದರೆ ಬರೆದಿಟ್ಟಿದ್ದನ್ನೆಲ್ಲ ಮತ್ತೆ ಓದಿ ಚೆಕ್‌ಸಮ್‌ಗೆ (ಬರೆಯುವಾಗಲೇ ಲೆಕ್ಕ ಹಾಕಿಟ್ಟ ಗುರುತಿನ ಸಂಖ್ಯೆಗೆ) ತಾಳೆ ನೋಡುವ ಕೆಲಸ. ಎರಡನೆಯ ಡಿಸ್ಕ್‌ನ ಮುಂದೆ 37 ತಪ್ಪುಗಳು ಕಂಡವು. ಉಳಿದೆರಡು ಡಿಸ್ಕ್‌ಗಳ ನೆರವಿನಿಂದ ಝಡ್‌ಎಫ್‌ಎಸ್ ಎಲ್ಲವನ್ನೂ ಸರಿಪಡಿಸಿತ್ತು, ಒಂದು ಕಡತವೂ ಹಾಳಾಗಿರಲಿಲ್ಲ. ಆದರೂ ನನಗೆ ನಿದ್ದೆ ಬರಲಿಲ್ಲ. ಹೊಸ ಡಿಸ್ಕೇ ಕೈಕೊಟ್ಟಿತೇ?

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿ ತೆಗೆದು ಸಾಲುಸಾಲಾಗಿ ಓದಿದೆ. ಕೆಟ್ಟ ಸೆಕ್ಟರ್‌ಗಳ ಎಣಿಕೆ ಸೊನ್ನೆ. 199 ಎಂಬ ಸಂಖ್ಯೆಯ ಸಾಲಿನ ಸಿಆರ್‌ಸಿ ತಪ್ಪುಗಳ ಎಣಿಕೆ ಮಾತ್ರ ಏರುತ್ತಿತ್ತು. ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ದತ್ತಾಂಶ ಕೆಡುತ್ತಿದೆ ಎಂಬ ಸೂಚನೆ ಅದು. ಪೆಟ್ಟಿಗೆ ಬಿಚ್ಚಿ ನೋಡಿದರೆ ಅವೆರಡನ್ನು ಜೋಡಿಸುವ ಸಾಟಾ ಕೇಬಲ್ ಪಕ್ಕದ ಮುಚ್ಚಳಕ್ಕೆ ಒತ್ತಿಕೊಂಡು ಬುಡದಲ್ಲೇ ಮಡಚಿತ್ತು. ತುದಿಯಲ್ಲಿ ಹಿಡಿದಿಡುವ ತಗಡಿನ ಕೊಕ್ಕೆಯೂ ಇರಲಿಲ್ಲ. ಕೊಕ್ಕೆಯಿರುವ ಕೇಬಲ್ ತಂದು ಹಾಕಿ, ಝಡ್‌ಎಫ್‌ಎಸ್ ತೋರಿಸಿದ ತಪ್ಪುಗಳ ಎಣಿಕೆ ಅಳಿಸಿ ಎರಡು ಸಲ ಸ್ಕ್ರಬ್ ಮಾಡಿದೆ. ಎರಡು ಸಲವೂ ಸೊನ್ನೆ. ಚೆಕ್‌ಸಮ್ ಇಲ್ಲದ ವ್ಯವಸ್ಥೆಯಾಗಿದ್ದರೆ ಇದು ಯಾವಾಗ ತಿಳಿಯುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಬುಧವಾರ ಬೇಕೆಂದೇ ಒಂದು ಡಿಸ್ಕ್‌ನ ಕೇಬಲ್ ಕಳಚಿ ಯಂತ್ರ ಚಾಲು ಮಾಡಿದೆ. ಎಲ್ಲ ಹಾಡೂ ಅರ್ಥಧಾರಿಗಳ ಮಾತೂ ಮೊದಲಿನಂತೆ ಕೇಳಿಸಿದವು. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನೂ ಜೋಡಿಸಿಯಾಗಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುವುದೆಂದು ಹೇಳಲಾಗದು. ಬ್ಯಾಟರಿ ಇಳಿದಾಗ ಮೊದಲು ವರ್ಚುವಲ್ ಯಂತ್ರಗಳು, ಆಮೇಲೆ ಸರ್ವರ್ ತಾವಾಗಿಯೇ ನಿಲ್ಲುತ್ತವೆ.

ಬಾಕಿ ಇರುವುದು ಹೊರಗಿನ ಪ್ರತಿ. ರೇಯ್ಡ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ಸಿಡಿಲು ಬಡಿದರೆ ಮೂರು ಡಿಸ್ಕೂ ಒಟ್ಟಿಗೇ ಹೋಗುತ್ತವೆ. ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಒಂದು ಡಿಸ್ಕ್ ಇಡಲು ಅವಳು ಒಪ್ಪಿದ್ದಾಳೆ. ಇದನ್ನು ಬರೆಯುವಾಗ ಏಳನೆಯ ಕ್ಯಾಸೆಟ್ ಓಡುತ್ತಿದೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಅಪ್ಪ ಭಾಗವತರ ಪದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ.