ಮಡಿಕೇರಿಯಿಂದ ಬೇಡ, ನಾಪೋಕ್ಲಿಂದ ಹೊರಡೋಣ

ಮೊನ್ನೆ ರಾತ್ರಿ ಮೈಸೂರಿಂದ ಅಕ್ಕನ ಮಗ ಒಂದು ಸೈಕಲ್ ರೂಟ್ ಮಾಡಿ ಕಳಿಸಿದ್ದ. ಮಡಿಕೇರಿ, ಮೂರ್ನಾಡು, ನಾಪೋಕ್ಲು, ಕಕ್ಕಬ್ಬೆ, ನಾಲ್ಕುನಾಡು ಅರಮನೆ, ಮತ್ತೆ ಅದೇ ದಾರೀಲಿ ವಾಪಸ್. ಮಧ್ಯೆ ಎರಡು ಕಡೆ ಮೇನ್ ರೋಡ್ ಬಿಟ್ಟು ತೋಟದೊಳಗಿನ ಮಣ್ಣು ರೋಡು. "ಮಾಮ, ಬೆಳಿಗ್ಗೆ ಐದಕ್ಕೆ ಹೊರಟ್ರೆ ಮಧ್ಯಾಹ್ನ ಊಟಕ್ಕೆ ಮನೇಲಿರ್ತೀವಿ" ಅಂತ ವಾಯ್ಸ್ ಮೆಸೇಜ್ ಬೇರೆ. ಹುಡುಗ ಹೊಸ ಎಂಟಿಬಿ (ಬೆಟ್ಟ, ಮಣ್ಣು ದಾರಿಗೆ ಅಂತ ಮಾಡಿದ ಸೈಕಲ್) ತಗೊಂಡಿದ್ದಾನೆ, ಕೊಡಗಲ್ಲಿ ಓಡಿಸ್ಬೇಕು ಅಂತ ಆಸೆ, ನಂಗೂ ಖುಷಿನೇ. ಆದ್ರೆ ಆ ಪ್ಲಾನ್ ನೋಡ್ತಿದ್ದ ಹಾಗೆ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯ್ತು, ಹಾಗಾಗಿ ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ.

ಮೊದಲನೇ ಮಾತು, ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿಂದ ಸಂಪಾಜೆ ಕಡೆ ಹೋದ್ರೂ, ಕುಶಾಲನಗರ ಕಡೆ ಹೋದ್ರೂ, ನಾಪೋಕ್ಲು ಕಡೆ ಹೋದ್ರೂ ಒಟ್ಟಲ್ಲಿ ಇಳಿಯೋದೇ. ಬೆಳಿಗ್ಗೆ ತಣ್ಣಗಿನ ಗಾಳೀಲಿ ಸುಮ್ನೆ ಬ್ರೇಕ್ ಹಿಡ್ಕೊಂಡು ಇಳಿದುಬಿಡ್ತೀವಿ, ಒಂದು ಗಂಟೇಲಿ ಇಪ್ಪತ್ತು ಕಿ.ಮೀ. ಆಯ್ತು, ಇವತ್ತು ಕಾಲು ಚೆನ್ನಾಗಿದೆ ಅನ್ಸುತ್ತೆ. ಅದು ಕಾಲಿನ ಬಲ ಅಲ್ಲ, ಇಳಿಜಾರು. ವಾಪಸ್ ಬರುವಾಗ ಬಿಸಿಲಲ್ಲಿ ಐವತ್ತು ಕಿ.ಮೀ. ತುಳಿದು ಸುಸ್ತಾದ ಕಾಲಿಗೆ ಆ ಇಳಿದಿದ್ದಷ್ಟೂ ಹತ್ತೋಕೆ ಬಾಕಿ ಇರುತ್ತೆ. ಎರಡು ವರ್ಷದ ಹಿಂದೆ ಡಿಸೆಂಬರಲ್ಲಿ ನಾವಿಬ್ರೂ ಹೀಗೇ ಹೋಗಿ ಸಂಜೆ ಮುಕ್ಕಾಲೈದಕ್ಕೆ ಇನ್ನೂ ನಾಪೋಕ್ಲಲ್ಲಿದ್ವಿ. ಮುಂದೆ ಸುಮಾರು 300 ಮೀಟರ್ ಏರು. ಹುಡುಗನಿಗೆ ಕಾಲು ಹಿಡ್ಕೊಂಡಿತ್ತು, ನೀರು ಖಾಲಿ. ಡಿಸೆಂಬರಲ್ಲಿ ಸೂರ್ಯ ಮುಳುಗೋದು ಆರು ಗಂಟೆ ಆದ್ಮೇಲೆ ಸರಿ, ಆದ್ರೆ ತೋಟದ ಮರದಡಿ ಐದೂವರೆಗೇ ಕತ್ತಲು. ಮೂರ್ನಾಡಿಗೆ ಇನ್ನೂ ಸ್ವಲ್ಪ ಇದೆ ಅನ್ನುವಾಗ ಎದುರಿಗೆ ಒಂದು ಪಿಕಪ್ ಬಂತು, ಡ್ರೈವರ್ ಗಾಡಿ ನಿಲ್ಸಿ "ಮುಂದೆ ತೋಟದಲ್ಲಿ ಆನೆ ಇದೆ, ಸೈಕಲ್ ಹಿಂದೆ ಹಾಕಿ ಹತ್ತಿ" ಅಂದ್ರು. ಹಾಗೆ ನಾವು ಬಂದ ದಾರೀಲೇ ವಾಪಸ್ ನಮ್ಮನ್ನ ನಾಪೋಕ್ಲಿಗೆ ಬಿಟ್ರು. ದಾರೀಲಿ ಅವ್ರು ಹೇಳಿದ ಒಂದು ಮಾತು ಇವತ್ತಿಗೂ ಮರ್ತಿಲ್ಲ: "ಜೀಪ್ ಬಂದ್ರೆ ಆನೆಗೆ ಗೊತ್ತಾಗುತ್ತೆ, ನಿಮ್ಮ ಸೈಕಲ್ಲಿಗೆ ಸದ್ದೇ ಇಲ್ಲ. ಅದ್ರ ಕಾಲ ಹತ್ರ ಹೋಗಿ ನಿಲ್ತೀರಿ." ಅವತ್ತಿಂದ ನನ್ನ ಹ್ಯಾಂಡಲಲ್ಲಿ ಹಳೇ ಕಾಲದ ಟ್ರಿಣ್ ಟ್ರಿಣ್ ಬೆಲ್ ಇದೆ, ತಿರುವಲ್ಲೆಲ್ಲ ಹೊಡೀತೀನಿ.

ಹಾಗಾಗಿ ಈ ಸಲ ಉಲ್ಟಾ. ಹಿಂದಿನ ದಿನವೇ ಸೈಕಲ್ ಗಾಡೀಲಿ ಹಾಕ್ಕೊಂಡು ಕೆಳಗೆ ಹೋಗೋದು, ನಾಪೋಕ್ಲಿಂದಲೇ ತುಳಿಯೋಕೆ ಶುರು ಮಾಡೋದು. ಅಲ್ಲಿಂದ ಕಕ್ಕಬ್ಬೆ, ಆಮೇಲೆ ಅರಮನೆಗೆ ಏರು. ಕಷ್ಟದ್ದೆಲ್ಲ ಬೆಳಿಗ್ಗೆ ಮೈಯಲ್ಲಿ ಶಕ್ತಿ ಇರುವಾಗ ಮುಗಿಯುತ್ತೆ, ಬರುವಾಗ ಇಳಿಜಾರು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು, ಹೆಸರಿಗೆ ಅರಮನೆ, ನೋಡೋಕೆ ಒಂದು ದೊಡ್ಡ ಮಹಡಿ ಮನೆ ಹಾಗಿದೆ, ಹಿಂದೆ 1,748 ಮೀಟರಿನ ತಡಿಯಂಡಮೋಳ್. ಬೆಟ್ಟದ ಮೇಲೆ ಸೈಕಲ್ ತಗೊಂಡು ಹೋಗೋದು ಬೇಡ, ಅದು ನಡೆಯೋರ ದಾರಿ, ಅರಣ್ಯ ಇಲಾಖೆಯ ಅನುಮತಿ ಬೇಕಾಗೋ ಜಾಗ. ಅರಮನೆ ಜಗಲಿಯಲ್ಲಿ ಅರ್ಧ ಗಂಟೆ ಕೂತು ಬಂದ್ರೆ ಸಾಕು.

ಇನ್ನು ಐದು ಗಂಟೆಗೆ ಹೊರಡೋದು. ಬೆಂಗಳೂರು ಮೈಸೂರಲ್ಲಿ ಸೈಕಲ್ ಹೊಡೆಯೋರಿಗೆ ಟ್ರಾಫಿಕ್ ತಪ್ಪಿಸೋಕೆ ಅದೇ ಅಭ್ಯಾಸ, ಆದ್ರೆ ಇಲ್ಲಿ ಬೆಳಗಿನ ಜಾವ ಆನೆ ತೋಟದಿಂದ ಕಾಡಿಗೆ ವಾಪಸ್ ಹೋಗೋ ಹೊತ್ತು. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಕೆಲಸದವರು ಬೆಳಿಗ್ಗೆ ತೋಟಕ್ಕೆ ಹೋಗುವಾಗಲೇ ಆನೆ ತುಳಿದು ಸತ್ತಿದ್ದು ಒಂದೆರಡು ಸಲ ಅಲ್ಲ. ಏಳೂವರೆ ಆಗ್ಲಿ, ಮಂಜು ಎದ್ದು ಹೋಗ್ಲಿ, ಒಂದೆರಡು ಜೀಪು, ಸ್ಕೂಲ್ ಬಸ್ಸು ಓಡಾಡ್ಲಿ, ಆಮೇಲೆ ಹೊರಡೋಣ. ಮಧ್ಯಾಹ್ನ ಮೂರಕ್ಕೆ ಸೈಕಲ್ ಗಾಡಿ ಮೇಲಿರಬೇಕು. ಅಷ್ಟರೊಳಗೆ ಎಷ್ಟು ಆಗುತ್ತೋ ಅಷ್ಟೇ ರೈಡು.

ರೂಟ್ ಮಾಡುವಾಗ ನಾನು ಕಿ.ಮೀ. ನೋಡೋದೇ ಬಿಟ್ಟಿದೀನಿ, ಏರು ಎಷ್ಟು ಅಂತ ನೋಡ್ತೀನಿ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ., ಏರೋದು ಹತ್ರ ಹತ್ರ 400 ಮೀಟರ್, ಅಂದ್ರೆ ನೂರು ಮೀಟರ್ ಮುಂದೆ ಹೋದ್ರೆ ಐದು ಮೀಟರ್ ಮೇಲೆ. ಇದು ಉದ್ದ ಇದೆ, ಆದ್ರೆ ಉಸಿರು ಹದಕ್ಕೆ ಇಟ್ಕೊಂಡು ಒಂದೇ ಲಯದಲ್ಲಿ ತುಳಿದ್ರೆ ಹೋಗ್ಬಹುದು. ಇದಕ್ಕಿಂತ ಕಷ್ಟ ತೋಟದ ಕಾಂಕ್ರೀಟ್ ರೋಡು. ಅರ್ಧ ಕಿ.ಮೀ. ಒಳಗೆ 80, 100 ಮೀಟರ್ ಏರಿಸ್ತಾರೆ, ಅವು ಜೀಪಿಗೆ ಅಂತ ಮಾಡಿದ ರೋಡುಗಳು. ಆ್ಯಪಲ್ಲಿ ನೋಡಿದ್ರೆ ಒಂದು ಸಣ್ಣ ಗೆರೆ ಅಷ್ಟೇ. ಟೋಪೋ ಮ್ಯಾಪಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ಯಾ ಅಂತ ನೋಡಿ, 1:50,000 ಮ್ಯಾಪಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್, ಎಣಿಸಿದ್ರೆ ಗೊತ್ತಾಗಿಬಿಡುತ್ತೆ.

ಇಳಿಯುವಾಗಲೂ ಅದೇ ಕಾಂಕ್ರೀಟ್ ನೋಡ್ಕೊಳ್ಳಿ. ನವೆಂಬರ್ ಡಿಸೆಂಬರಲ್ಲಿ ಮಳೆ ನಿಂತಿರುತ್ತೆ, ಬಿಸಿಲಿರುತ್ತೆ, ಒಣಗಿದೆ ಅಂದ್ಕೋತೀವಿ. ಸಿಲ್ವರ್ ಓಕ್ ನೆರಳು ಬೀಳೋ ಕಡೆ ರೋಡಿನ ಮಧ್ಯ ಕಪ್ಪಗೆ ಒಂದು ಪಟ್ಟಿ ಕಾಣ್ಸುತ್ತೆ, ಟಾರ್ ಹಾಕಿದಾರೇನೋ ಅನ್ನೋ ಹಾಗೆ. ಅದು ಪಾಚಿ. ಜೀಪಿನ ಎರಡು ಚಕ್ರ ಓಡೋ ಜಾಗ ಮಾತ್ರ ಬೆಳ್ಳಗೆ ಉಜ್ಜಿರುತ್ತೆ, ಅದರಲ್ಲೇ ಹೋಗ್ಬೇಕು. ಆ ಕಪ್ಪು ಪಟ್ಟಿ ಮೇಲೆ ಮುಂದಿನ ಬ್ರೇಕ್ ಹಿಡಿದ್ರೆ ಕಾಲು ಕೆಳಗೆ ಇಡೋಕೂ ಟೈಮ್ ಸಿಗಲ್ಲ. ನನ್ನ ಎಡ ಮೊಣಕೈಲಿ ಅದರ ಗುರುತು ಇದೆ.

ಮಳೆಗಾಲದಲ್ಲಿ ಬರ್ತೀನಿ ಅಂತ ಕೇಳೋರು ತುಂಬ ಜನ, ಹಸಿರು ಫೋಟೋ ನೋಡಿ. ಜೂನಿಂದ ಸೆಪ್ಟೆಂಬರ್ ನಾನಂತೂ ತೋಟದ ರೋಡಿಗೆ, ಬೆಟ್ಟಕ್ಕೆ ಸೈಕಲ್ ಇಳಿಸಲ್ಲ. ಜಿಗಣೆ ಕಾಟ ಹೇಗೋ ತಡ್ಕೋಬಹುದು, ಸಾಕ್ಸಿಗೆ ಹೊಗೆಸೊಪ್ಪಿನ ಪುಡಿ ಹಾಕ್ಕೊಂಡ್ರೆ ಆಯ್ತು. ಭಯ ಮಣ್ಣಿನದ್ದು. 2018ರ ಆಗಸ್ಟಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ದೇವಸ್ತೂರು ಕಡೆ ಬೆಟ್ಟ ಬೆಟ್ಟವೇ ಜಾರಿ ಬಂದಿದ್ದನ್ನ ನಾವು ಕಣ್ಣಾರೆ ಕಂಡಿದೀವಿ. 2020ರ ಆಗಸ್ಟಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣಡಿ ಹೋಯ್ತು. ಮಾಂದಲಪಟ್ಟಿ ವ್ಯೂಪಾಯಿಂಟಿಗೆ ಹೋಗೋರು 2018ರಲ್ಲಿ ಬೆಟ್ಟ ಜಾರಿದ ಆ ಊರುಗಳ ಮಧ್ಯೆನೇ ಹೋಗೋದು, ಅಲ್ಲಿ ಮನೆ ಕಳ್ಕೊಂಡವರು ಇನ್ನೂ ಇದಾರೆ, ಕೂಗಾಡ್ಕೊಂಡು ಹೋಗ್ಬೇಡಿ ದಯವಿಟ್ಟು.

ಮ್ಯಾಪಲ್ಲಿ ಇದ್ದ ಮಾತ್ರಕ್ಕೆ ಅದು ನಮ್ಮ ದಾರಿ ಅಲ್ಲ, ಇದನ್ನ ಮಾತ್ರ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಆ್ಯಪ್ ತೋರಿಸೋ ಮಣ್ಣು ರೋಡಲ್ಲಿ ಎಷ್ಟೋ ತೋಟದವರ ಸ್ವಂತದ್ದು, ಕೊನೇಲಿ ಗೇಟು, ಅಥವಾ ಕೆಲಸದವರ ಲೈನ್ ಮನೆ, ಅಥವಾ ಯಾರದ್ದೋ ಅಂಗಳ. ಕೆಲವು ದೇವರಕಾಡು ಒಳಗೆ ಹೋಗುತ್ತೆ. ಕೊಡಗಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಊರಿನವರು ಅಲ್ಲಿ ಒಣಗಿದ ಕಟ್ಟಿಗೆಯನ್ನೂ ಮುಟ್ಟಲ್ಲ, ಅಲ್ಲಿ ಟೈರ್ ಗುರುತು ಬಿಡೋಕೆ ನಾವ್ಯಾರು? ಹಾಗಾಗಿ ಹಿಂದಿನ ದಿನ ಫೋನ್ ಮಾಡಿ ಕೇಳೋದು. ಗುರುತಿಲ್ಲದಿದ್ರೆ ಹತ್ರದ ಅಂಗಡೀಲಿ ಕೇಳಿದ್ರೆ ಯಾರ ತೋಟ, ಅದನ್ನ ನೋಡ್ಕೊಳ್ಳೋ ರೈಟ್ರು ಯಾರು ಅಂತ ಹೇಳ್ತಾರೆ. ಕೇಳಿದ್ರೆ ಬೇಡ ಅನ್ನೋರು ಕಮ್ಮಿ, ಕೇಳದೆ ನುಗ್ಗಿದವರ ಮೇಲೆ ಸಿಟ್ಟು.

ನಿನ್ನೆ ಸಂಜೆ ಕಕ್ಕಬ್ಬೆ ಹತ್ರದ ಒಂದು ತೋಟದ ರೈಟ್ರಿಗೆ ಫೋನ್ ಮಾಡ್ದೆ. "ಬನ್ನಿ ಸಾರ್, ತೊಂದ್ರೆ ಇಲ್ಲ. ಕೆಳಗಿನ ಗೇಟಲ್ಲಿ ಬರ್ಬೇಡಿ, ಕಣದಲ್ಲಿ ಕಾಫಿ ಹರಡಿದೀವಿ, ಹಣ್ಣು ಕುಯ್ಯೋಕೆ ಜನ ಬೇರೆ ಇದಾರೆ. ಮೇಲಿನ ರೋಡಲ್ಲಿ ಬನ್ನಿ. ಆನೆ ಮೂರು ದಿನದಿಂದ ಈ ಕಡೆ ಇಲ್ಲ, ಆದ್ರೂ ಶನಿವಾರ ಬೆಳಿಗ್ಗೆ ಇನ್ನೊಂದ್ಸಲ ಕೇಳಿ" ಅಂದ್ರು. ಈ ನಾಲ್ಕು ಮಾತು ಯಾವ ಆ್ಯಪಲ್ಲಿ ಸಿಗುತ್ತೆ ಹೇಳಿ. ಮತ್ತೆ ಕಕ್ಕಬ್ಬೆ ದಾಟಿದ್ರೆ ಸುಮಾರು ಕಡೆ ನೆಟ್‌ವರ್ಕ್ ಇಲ್ಲ, ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಸೈಕಲ್ ವಿಷಯ ಜಾಸ್ತಿ ಹೇಳಲ್ಲ. ಬ್ರೇಕ್ ಪ್ಯಾಡ್ ಹೊಸದು, ಎರಡು ಲೀಟರ್ ನೀರು, ಒಂದು ಎಕ್ಸ್‌ಟ್ರಾ ಟ್ಯೂಬು, ಚೈನ್ ಲಿಂಕು. ಮತ್ತೆ ಏರು ಮುಗಿಯೋ ತನಕ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಸಾರು) ಬೇಡ, ಅದು ವಾಪಸ್ ಬಂದ್ಮೇಲೆ.

ಹುಡುಗ ಇವತ್ತು ಮಧ್ಯಾಹ್ನ ರೂಟ್ ತಿದ್ದಿ ಕಳಿಸಿದಾನೆ. ಶುರು ನಾಪೋಕ್ಲು, ಟೈಮ್ ಏಳೂವರೆ, ಮೇಲಿನ ರೋಡು. ಕೆಳಗೆ ಒಂದು ಸಾಲು: "ಮಾಮ, ಬೆಲ್ ತಗೊಂಡೆ."